ನಮ್ಮ ಟಿಟಿಯೂ ಕ್ಯಾರವಾನೇ ಸ್ವಾಮಿ

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈಗ ಮನೆ ಸಾಲ, ಮಕ್ಕಳ ಸ್ಕೂಲ್ ಫೀಜು ಎರಡನ್ನೂ ಹಿಂದೆ ಹಾಕಿ ಕ್ಯಾರವಾನ್ ಮುಂದೆ ಬಂದಿದೆ. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿದು ಯಾವುದೋ ಕಡಲ ದಂಡೆಯಲ್ಲಿ ನಿಲ್ಲಿಸಿದರೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎದುರಿಗೆ ಅಲೆ. ಕೈಯಲ್ಲಿ ಕಾಫಿ ಲೋಟ. ಆಮೇಲೆ ಫೋಟೊ. ಅದರ ಒಂದು ದಿನದ ಬಾಡಿಗೆ ಕೇಳಿದರೆ ನಮ್ಮೂರ ಕಡೆ ಒಂದು ಎಕರೆ ನಾಟಿ ಹಾಕಿಸಿ ಮಿಕ್ಕಿದ್ದರಲ್ಲಿ ಗೊಬ್ಬರಾನೂ ತರಬಹುದು. ಇರಲಿ, ದುಡಿಯೋರು ಖರ್ಚು ಮಾಡ್ತಾರೆ, ನನ್ನ ತಕರಾರು ಅದಲ್ಲ.

ಸರ್ಕಾರಗಳಿಗೂ ಈ ಗಾಡಿಯ ಮೇಲೆ ಮನಸ್ಸು ಬಂದು ಬಹಳ ಕಾಲವಾಯ್ತು. ಪಕ್ಕದ ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಅಂತ ಹೆಸರಿಟ್ಟು ಯೋಜನೆಯನ್ನೇ ಶುರು ಮಾಡಿತು. ನಮ್ಮ ರಾಜ್ಯದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನಿಗೆ ಜಾಗ ಸಿಕ್ಕಿತ್ತು. ಕ್ಯಾರವಾನ್ ಅಂದರೆ ಹೇಗಿರಬೇಕು ಅಂತ ಕೇಂದ್ರದ್ದು ಒಂದು ಮಾನದಂಡವೂ ಇದೆ, ಎಐಎಸ್-124 ಅಂತ. ಮಲಗುವುದಕ್ಕೆ ಹೀಗೆ, ಅಡುಗೆಗೆ ಹೀಗೆ, ಗ್ಯಾಸು ಎಲ್ಲಿ, ಬಾಗಿಲು ಎಲ್ಲಿ. ಎಂಜಿನಿಯರ್ ಆದ ನನಗೆ ಇಂಥ ಕಾಗದ ಕಂಡರೆ ಗೌರವವೇ. ಆದರೆ ಇಷ್ಟನ್ನೆಲ್ಲ ಬರೆಯುವವರ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿದೆ. ಸಂಸಾರ ಸಮೇತ ಗಾಡಿ ಕಟ್ಟಿಕೊಂಡು, ಅಲ್ಲಲ್ಲೇ ಬೇಯಿಸಿ ತಿಂದು, ಗಾಡಿಯ ಹತ್ತಿರವೇ ಮಲಗಿ ಊರು ನೋಡುವುದು ಈ ನಾಡಿಗೆ ಹೊಸದು, ಇನ್ನು ಮೇಲೆ ಯಾರಾದರೂ ತಂದುಕೊಡಬೇಕು ಅಂತ. ಇದು ಶುದ್ಧ ಸುಳ್ಳು.

ಕೆ.ಆರ್. ನಗರದ ಕಡೆ ಮಿರ್ಲೆಯವನು ನಾನು. ನಮ್ಮಪ್ಪನ ಕಾಲದಲ್ಲಿ ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆಗೆ ಹೋಗುವುದು ಅಂದರೆ ಕಮಾನು ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಮಡಕೆ ಕುಡಿಕೆ ಅಕ್ಕಿ ರಾಗಿಹಿಟ್ಟು ಎಲ್ಲ ಹೇರಿಕೊಂಡು ಹೋಗುವುದೇ. ಎತ್ತು ಬಿಚ್ಚಿ ಕಟ್ಟಿ, ಮೂರು ಕಲ್ಲು ಹೂಡಿ ಒಲೆ ಹಚ್ಚೋರು. ಹೆಂಗಸರು ಮಕ್ಕಳು ಗಾಡಿ ಒಳಗೆ ಮಲಗಿದರೆ ಗಂಡಸರು ಗಾಡಿ ಕೆಳಗೆ. ದನಕ್ಕೆ ನೀರು ಕಾವೇರಿಯಲ್ಲಿ. ಮೂರು ದಿನವೋ ನಾಲ್ಕು ದಿನವೋ, ವ್ಯಾಪಾರ ಕುದುರೋವರೆಗೂ ಅಲ್ಲೇ ಬಿಡಾರ. ದಾರಿಯಲ್ಲಿ ತಂಗೋದಕ್ಕೆ ಊರೂರಿಗೂ ಗುಂಡುತೋಪು ಇರುತ್ತಿತ್ತು. ಕಂದಾಯದ ದಾಖಲೆಗಳಲ್ಲಿ ಇವತ್ತಿಗೂ ಗುಂಡುತೋಪು ಅಂತಲೇ ನಮೂದಾಗಿರುತ್ತೆ, ಜಾಗ ಹುಡುಕಿಕೊಂಡು ಹೋದರೆ ಎಷ್ಟೋ ಕಡೆ ಸೈಟುಗಳಾಗಿವೆ, ಆ ಮಾತು ಬೇರೆ. ಗಾಡಿ ಕಟ್ಟಿಕೊಂಡು ಬಂದವನಿಗೆ ನೆರಳು, ನೀರು, ಒಲೆ ಹೂಡುವ ಜಾಗ ಮೂರೂ ಬೇಕು ಅನ್ನೋದನ್ನು ಆ ಕಾಲದ ಜನ ಅರ್ಥ ಮಾಡಿಕೊಂಡಿದ್ದರು.

ಈಗ ಎತ್ತಿನ ಗಾಡಿಯ ಜಾಗಕ್ಕೆ ಟಿಟಿ ಬಂದಿದೆ. ಟೆಂಪೊ ಟ್ರಾವೆಲರ್. ಹನ್ನೆರಡು ಸೀಟು ಅಂತಾರೆ, ಮಡಿಲ ಮಕ್ಕಳನ್ನು ಲೆಕ್ಕ ಹಿಡಿಯದಿದ್ದರೆ ಹೌದು. ಕಿಲೋಮೀಟರಿಗೆ ಇಷ್ಟು ಅಂತ ರೇಟು, ಓಡಿಸಲಿ ಬಿಡಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಲೆಕ್ಕ, ಡ್ರೈವರಣ್ಣನಿಗೆ ಬಾಟಾ ಬೇರೆ. ಭತ್ತದ ಒಕ್ಕಣೆ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ನಮ್ಮ ಕಡೆ ಬೀದಿಗೊಂದು ಟಿಟಿ ಹೊರಡುತ್ತೆ. ಮೇಲೆ ಟಾರ್ಪಾಲು, ಹಿಂದೆ ದೊಡ್ಡ ಪಾತ್ರೆಗಳು, ನೀರಿನ ಕ್ಯಾನು, ಮುದ್ದೆ ಕೋಲು, ಹುರುಳಿಕಾಳು. ಮೊದಲ ದಿನಕ್ಕೆ ಪುಳಿಯೋಗರೆ, ಎರಡನೇ ದಿನಕ್ಕೆ ಚಪಾತಿ ಚಟ್ನಿಪುಡಿ, ಆಮೇಲೆ ಎಲ್ಲಾದರೂ ನಿಲ್ಲಿಸಿ ಅಡುಗೆ. ಸಾಲಿಗ್ರಾಮ, ಕೇರಳಾಪುರ, ಅರಕಲಗೂಡು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಧರ್ಮಸ್ಥಳ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಆದರೆ ಗೋಕರ್ಣ. ನೀವು ಹೇಳಿ, ಇದು ಕ್ಯಾರವಾನ್ ಅಲ್ಲದೆ ಮತ್ತೇನು? ಹಾಸಿಗೆ ಇದೆ, ಒಲೆ ಇದೆ, ಸಂಸಾರ ಇದೆ, ಕಡಲಿಗೆ ಹೋಗುವ ಆಸೆ ಇದೆ. ಇಲ್ಲದಿರುವುದು ಒಂದೇ, ಕಕ್ಕಸು.

ಆ ಒಂದು ಇಲ್ಲದ್ದರಿಂದ ಏನಾಗುತ್ತೆ ಅಂತ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದು. ನಮ್ಮ ದೊಡ್ಡವ್ವ ಅರವತ್ತು ದಾಟಿದವಳು. ಹೋದ ಸಲ ನಮ್ಮ ಜೊತೆ ಬಂದಿದ್ದಳು. ಹಾಸನ ಬಿಟ್ಟ ಮೇಲೆ ಒಂದು ಗುಟುಕು ನೀರು ಬಾಯಿಗೆ ಹಾಕಲಿಲ್ಲ. ನಾನು ಬಾಟಲಿ ಕೊಟ್ಟರೆ, “ಬ್ಯಾಡ ಕಲ, ಆಮ್ಯಾಕೆ ಎಲ್ಲಿಗೋಗಾನ?” ಅಂದ್ಲು. ನನ್ನ ಹೆಂಡತಿಯೂ ಕುಡಿಯಲಿಲ್ಲ, ಅತ್ತಿಗೆಯೂ ಕುಡಿಯಲಿಲ್ಲ. ಗಂಡಸರು ಮಾತ್ರ ಎಳನೀರು, ಟೀ, ಕಬ್ಬಿನ ಹಾಲು ಅಂತ ನಿಂತ ಕಡೆಯೆಲ್ಲ ಕುಡಿದದ್ದೇ ಕುಡಿದದ್ದು, ಅವರಿಗೇನು ಮರ ಸಾಕು. ಮಧ್ಯಾಹ್ನದ ಸೆಕೆಗೆ, ಕರಾವಳಿಯ ಆ ಬೆವರಿಗೆ, ನೀರಿಲ್ಲದೆ ಕೂತ ಹೆಂಗಸರ ತಲೆನೋವು, ಉರಿಮೂತ್ರ ಇವೆಲ್ಲ ಯಾವ ನೀತಿಯಲ್ಲೂ ಬರಲ್ಲ. ನಿಮ್ಮ ಮನೆಯ ಹೆಂಗಸರನ್ನು ಕೇಳಿ ನೋಡಿ. ಪ್ರವಾಸ ಅಂದರೆ ಮೊದಲು ನೆನಪಾಗೋದು ನೀರು ಬಿಡೋದು ಅಂತ ಅವರೇ ಹೇಳ್ತಾರೆ.

ಪೆಟ್ರೋಲ್ ಬಂಕಿನಲ್ಲಿ ಇರುತ್ತಲ್ಲ ಅನ್ನಬಹುದು. ಇರುತ್ತೆ. ಕೆಲವು ಕಡೆ ಚೆನ್ನಾಗಿಯೂ ಇರುತ್ತೆ. ಕೆಲವು ಕಡೆ ಬೀಗ, ಬೀಗದ ಕೈ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ. ಡೀಸೆಲ್ ಹಾಕಿಸಿದರೆ ಕೈ ಬರುತ್ತೆ.

ಕಡಲ ಹತ್ತಿರ ಬಂದ ಮೇಲೆ ಇನ್ನೊಂದು ಕಥೆ. ಊರಿನ ಹೆಸರು ಬೇಡ. ಗಾಳಿಮರಗಳ ಸಾಲು, ಅದರಾಚೆ ಮರಳು, ಆಚೆ ನೀರು. ಟಿಟಿ ನಿಲ್ಲಿಸಿ ಟಾರ್ಪಾಲು ಇನ್ನೂ ಬಿಚ್ಚಿರಲಿಲ್ಲ, ಸೀಟಿ ಊದಿಕೊಂಡು ಒಬ್ಬ ಬಂದ. ಇಲ್ಲಿ ಅಡುಗೆ ಮಾಡಂಗಿಲ್ಲ ಅಂದ. ಸರಿ, ಎಲ್ಲಿ ಮಾಡಬೇಕು ಅಂದೆವು. ಎಲ್ಲೂ ಮಾಡಂಗಿಲ್ಲ. ಗಾಡಿ ಇಲ್ಲಿ ಬಿಟ್ಟು ರಾತ್ರಿ ಇರಬಹುದಾ? ಇರಂಗಿಲ್ಲ. ಎಲ್ಲಿರಬಹುದು? ಲಾಡ್ಜಿಗೆ ಹೋಗಿ. ಅವನ ಹಿಂದೆ, ಅದೇ ಗಾಳಿಮರಗಳ ನಡುವೆ, ಒಂದು ರೆಸಾರ್ಟಿನವರು ಬಣ್ಣದ ಗುಡಾರ ಹಾಕಿದ್ದರು. ಅಲ್ಲಿ ಕೆಂಡದ ಮೇಲೆ ಏನೋ ಸುಡುತ್ತಿತ್ತು, ವಾಸನೆ ನಮ್ಮವರೆಗೂ ಬರುತ್ತಿತ್ತು. ಆ ಸೀಟಿಯವನ ಮೇಲೆ ನನಗೇನೂ ಸಿಟ್ಟಿಲ್ಲ. ಅವನಿಗೆ ‘ಇಲ್ಲ’ ಅನ್ನೋಕೆ ಮಾತ್ರ ಸಂಬಳ ಕೊಡ್ತಾರೆ. ‘ಅಲ್ಲಿ ಇದೆ ಹೋಗಿ’ ಅನ್ನೋದಕ್ಕೆ ಅವನ ಕೈಯಲ್ಲಿ ಏನಾದರೂ ಇರಬೇಕಲ್ಲ?

ನಮ್ಮ ಜನ ಯಾಕೆ ಕಡಲು ನೋಡೋಕೆ ದೇವಸ್ಥಾನ ಇರುವ ಊರಿಗೇ ಹೋಗ್ತಾರೆ ಅಂತ ಬೆಂಗಳೂರಿನ ಸ್ನೇಹಿತರು ನಗ್ತಾರೆ. ಭಕ್ತಿ ಇರೋದು ನಿಜ, ಆದರೆ ಬರೀ ಭಕ್ತಿ ಅಲ್ಲ. ಧರ್ಮಸ್ಥಳದಲ್ಲಿ ಊಟ ಸಿಗುತ್ತೆ, ನೇತ್ರಾವತಿಯಲ್ಲಿ ಸ್ನಾನ ಆಗುತ್ತೆ, ಮಲಗೋಕೆ ವಸತಿಗೃಹದಲ್ಲಿ ಕಡಿಮೆ ದುಡ್ಡಿಗೆ ಜಾಗ ಇರುತ್ತೆ. ಉಡುಪಿ ಮಠದಲ್ಲಿ ಊಟ, ಅಲ್ಲಿಂದ ಮಲ್ಪೆ ಹತ್ತಿರ. ಮುರುಡೇಶ್ವರದಲ್ಲಿ ದೇವಸ್ಥಾನವೂ ಕಡಲೂ ಒಟ್ಟಿಗೆ. ದೇವರು ಇಲ್ಲದ ಕಡಲಿನಲ್ಲಿ ಇವು ಯಾವುವೂ ಇಲ್ಲ. ಬಡವರಿಗೆ ಕಡಲು ತೋರಿಸುವ ಪ್ರವಾಸೋದ್ಯಮ ಇಲಾಖೆಯ ಕೆಲಸವನ್ನು ಇಷ್ಟು ವರ್ಷ ಮಾಡಿಕೊಂಡು ಬಂದಿರೋದು ದೇವಸ್ಥಾನಗಳು. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ದೇಶದಲ್ಲಿ ಅಂಥ ಜಾಗ ಎಷ್ಟಿದ್ದಾವು? ನಮ್ಮ ಟಿಟಿಗಳು ಅಲ್ಲಿ ಹತ್ತು ನಿಮಿಷ ನಿಲ್ಲುತ್ತವೆ, ಫೋಟೊ ಹಿಡಿದು ಓಡುತ್ತವೆ.

ಮುರುಡೇಶ್ವರದಲ್ಲಿ ಮಾತ್ರ ಎರಡು ದಿನ ಇದ್ದೆವು. ಒಂದು ಊರನ್ನು ನಿಧಾನವಾಗಿ ನೋಡುವುದು ಅಂದರೆ ಏನು ಅಂತ ಅಲ್ಲಿ ಗೊತ್ತಾಯ್ತು. 123 ಅಡಿಯ ಶಿವ ಎಲ್ಲರಿಗೂ ಗೊತ್ತು. 2008ರಲ್ಲಿ ಮುಗಿದ ರಾಜಗೋಪುರ 237 ಅಡಿ, ಇಪ್ಪತ್ತು ಅಂತಸ್ತು, ಒಳಗೆ ಲಿಫ್ಟು. ದೊಡ್ಡವ್ವ ಜೀವಮಾನದಲ್ಲಿ ಹತ್ತಿದ ಮೊದಲ ಲಿಫ್ಟು ಅದು. ಕಣ್ಣು ಮುಚ್ಚಿಕೊಂಡೇ ಹತ್ತಿದಳು. ಮೇಲಿಂದ ನೋಡಿದರೆ ಕಂದುಕಗಿರಿಯ ಮೂರು ಕಡೆ ನೀರು, ದಡದಲ್ಲಿ ಎಳೆದು ನಿಲ್ಲಿಸಿದ ದೋಣಿಗಳ ಸಾಲು, ಹಿಂದೆ ತೆಂಗಿನ ತೋಟ, ಅದರಾಚೆ ಘಟ್ಟ. “ಅಗೋ ಆ ಬೆಟ್ಟದಿಂದಾಚೆಗೇಯಾ ನಮ್ಮೂರು?” ಅಂತ ಕೇಳಿದಳು. ಸುಮಾರಿಗೆ ಹೌದು ಅಂದೆ.

ಬೆಳಗ್ಗೆ ದೋಣಿ ಬರುವ ಹೊತ್ತಿಗೆ ಮರಳಿಗೆ ಹೋದೆವು. ಬಂಗುಡೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿನ ಮುಂದೆ ದೊಡ್ಡವ್ವ ಕುಕ್ಕರುಗಾಲಲ್ಲಿ ಕೂತು, “ಎಂಗವ್ವ ಮೀನು?” ಅಂದ್ಲು. ಆಕೆಯ ಕನ್ನಡ ಇವಳಿಗೆ ಅರ್ಧ ತಿಳೀಲಿಲ್ಲ, ಇವಳ ಕನ್ನಡ ಆಕೆಗೆ ಅರ್ಧ. ಆದರೂ ವ್ಯಾಪಾರ ಆಯ್ತು, ಅದರ ಜೊತೆಗೆ ಮಳೆ, ಮಗಳ ಮದುವೆ, ಮಂಡಿನೋವು ಎಲ್ಲ ಮಾತಾಡಿಕೊಂಡರು. ಕಾಟ್ಲಾ, ಜಿಲೇಬಿ ಬಿಟ್ಟರೆ ಬೇರೆ ಮೀನು ಕಾಣದ ನಮ್ಮವಳು ಬಂಗುಡೆಯನ್ನು ತಿರುವಿ ಮುರುವಿ ನೋಡಿದಳು. ಕೊಂಡೆವು. ಎಲ್ಲಿ ಬೇಯಿಸೋದು? ದೇವಸ್ಥಾನದ ಹತ್ತಿರ ಮೀನು ಆಗಲ್ಲ, ಅದು ನ್ಯಾಯವೇ. ಲಾಡ್ಜಿನ ರೂಮಿನಲ್ಲಿ ಅಡುಗೆ ನಿಷೇಧ, ಅದೂ ನ್ಯಾಯವೇ. ಕೊನೆಗೆ ಒಂದು ಸಣ್ಣ ಹೋಟೆಲಿನ ಅಕ್ಕ, “ಕೊಡಿ, ಮಸಾಲೆ ದುಡ್ಡು ಕೊಟ್ರೆ ಮಾಡಿಕೊಡ್ತೆ” ಅಂತ ಮಾಡಿಕೊಟ್ಟಳು. ಪ್ರವಾಸದ ದುಡ್ಡು ಊರಿನವರ ಕೈಗೆ ನೇರವಾಗಿ ಹೋಗೋದು ಅಂದರೆ ಇದು. ಮೀನಿನ ಹೆಂಗಸಿಗೆ, ಹೋಟೆಲ್ ಅಕ್ಕನಿಗೆ, ಎಳನೀರಿನವನಿಗೆ ಹೋಯ್ತು. ‘ಕ್ವಾಲಿಟಿ ಟೂರಿಸ್ಟ್’ ಬೇಕು ಅಂತಾರಲ್ಲ, ಅವರು ರೆಸಾರ್ಟಿನ ಗೇಟು ದಾಟಿ ಆಚೆ ಬಂದು ಎಷ್ಟು ಮೀನು ಕೊಳ್ತಾರೆ?

ಇನ್ನೊಂದು ವಿಷಯ, ಕಕ್ಕಸಿಗಿಂತ ಭಾರದ್ದು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಇದೇ ಮುರುಡೇಶ್ವರದ ನೀರಿನಲ್ಲಿ ಹೋದರು. ಕಡಲು ಅಂದರೆ ಏನು ಅಂತ ಗೊತ್ತಿಲ್ಲದ ಬಯಲುಸೀಮೆಯ ಮಕ್ಕಳು. ನಮ್ಮ ಕಡೆಯ ಹುಡುಗರು ಇನ್ನೂ ಅಪಾಯದಲ್ಲಿದ್ದಾರೆ, ಯಾಕೆ ಅಂದರೆ ಅವರಿಗೆ ಈಜು ಬರುತ್ತೆ. ನಾಲೆಯಲ್ಲಿ ಕಲಿತ ಈಜು. ನಾಲೆಯಲ್ಲಿ ನೀರು ಒಂದೇ ಕಡೆ ಎಳೆಯುತ್ತೆ, ಏರಿ ಕೈಗೆ ಸಿಗುತ್ತೆ. ಕಡಲಲ್ಲಿ ಮುಂದಿಂದ ಬರುವ ಅಲೆ ಕಾಣುತ್ತೆ, ಕಾಲಿನ ಕೆಳಗಿಂದ ವಾಪಸ್ ಹೋಗುವ ಸೆಳೆತ ಕಾಣಲ್ಲ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಈಜಬಾರದು, ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಬೇಕು. ಈ ಎರಡು ಸಾಲನ್ನು ಘಟ್ಟ ಇಳಿಯುವ ಪ್ರತಿ ಟಿಟಿಗೆ ಯಾರಾದರೂ ಹೇಳ್ತಾರಾ? ಟೋಲ್ ಕಟ್ಟಿಸಿಕೊಳ್ಳೋಕೆ ಎಲ್ಲರನ್ನೂ ನಿಲ್ಲಿಸ್ತಾರೆ. ದುರಂತ ಆದಾಗ ಕೆಲವು ದಿನ ಕಡಲತೀರ ಮುಚ್ತಾರೆ, ಆಮೇಲೆ ತೆಗೀತಾರೆ. ಸಂಸಾರಗಳು ಎಲ್ಲಿ ಇಳಿಯುತ್ತವೆ ಅಂತ ಒಂದು ಜಾಗ ಗೊತ್ತು ಮಾಡಿದರೆ ಜೀವರಕ್ಷಕನನ್ನೂ ಬಾವುಟವನ್ನೂ ಅಲ್ಲಿ ಇಡಬಹುದು. ಎಲ್ಲ ಕಡೆ ‘ಇಲ್ಲ’ ಅಂದು ಓಡಿಸಿದರೆ ಅವರು ಯಾರೂ ಇಲ್ಲದ ಕಡೆ ಹೋಗಿ ನೀರಿಗೆ ಇಳೀತಾರೆ.

ಕರಾವಳಿಯವರ ಸಿಟ್ಟು ಏನು ಅಂತ ನನಗೆ ಗೊತ್ತು. ಘಟ್ಟದ ಮೇಲಿನವರು ಬರ್ತಾರೆ, ಪೇಪರ್ ತಟ್ಟೆ ಬಿಸಾಕ್ತಾರೆ, ಅನ್ನ ಚೆಲ್ತಾರೆ, ಬಾಟಲಿ ಒಡೀತಾರೆ, ತೋಟದ ಬೇಲಿ ಪಕ್ಕ ಕೂರ್ತಾರೆ. ಒಂದು ಮಾತೂ ಸುಳ್ಳಲ್ಲ. ಮರಳಲ್ಲಿ ಗಾಜು ಹೂತು ಹೋಗುವವರಿಗೆ ನನ್ನ ಹತ್ತಿರ ಒಳ್ಳೆ ಮಾತಿಲ್ಲ, ಅವರು ನಮ್ಮೂರಿನವರೇ ಆಗಿರಲಿ. ದಂಡ ಹಾಕಿ, ಗಾಡಿ ನಂಬರ್ ಬರೆದುಕೊಳ್ಳಿ. ಆದರೆ ತಟ್ಟೆ ಹಾಕೋಕೆ ಡಬ್ಬ, ಕೈ ತೊಳೆಯೋಕೆ ನಲ್ಲಿ, ಹೋಗೋಕೆ ಕಕ್ಕಸು ಮೂರನ್ನೂ ಇಟ್ಟ ಮೇಲೂ ಹೊರಗೆ ಬಿಸಾಕಿದವನು ಕೊಳಕ. ಮೂರೂ ಇಲ್ಲದ ಕಡೆ ಹದಿನೈದು ಜನರ ಸಂಸಾರ ಏನು ಮಾಡಬೇಕು? ಊಟವನ್ನೇ ಬಿಡಬೇಕಾ? ಜಾತ್ರೆಗೆ ಸಾವಿರ ಗಾಡಿ ಬರುತ್ತೆ ಅಂತ ಗೊತ್ತಿದ್ದೂ ನೀರಿನ ವ್ಯವಸ್ಥೆ ಮಾಡದ ಪಂಚಾಯ್ತಿಯನ್ನು ನಮ್ಮೂರಲ್ಲಿ ಬೈತಾರೆ, ಗಾಡಿಯವರನ್ನಲ್ಲ.

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಕೆಲವು ತಿಂಗಳು ಜರ್ಮನಿಯಲ್ಲಿದ್ದೆ. ಅಲ್ಲಿ ಊರೂರಿಗೆ ‘ಸ್ಟೆಲ್‌ಪ್ಲಾಟ್ಸ್’ ಅಂತ ಇರುತ್ತೆ. ಏನೂ ಮಹಾ ಅಲ್ಲ, ಗಾಡಿ ಮನೆ ನಿಲ್ಲಿಸುವ ಬಯಲು. ಕಾಸು ಹಾಕಿದರೆ ನೀರು ಬರುವ ನಲ್ಲಿ, ಕರೆಂಟಿನ ಕಂಬ, ಗಲೀಜು ಸುರಿಯೋಕೆ ಒಂದು ಗುಂಡಿ, ಒಂದು ಬೋರ್ಡು. ಎಷ್ಟೋ ಕಡೆ ಅದನ್ನು ಮಾಡಿಟ್ಟಿರೋದು ಊರಿನ ಆಡಳಿತವೇ. ಕಡಲೂರುಗಳಲ್ಲಿ ರಾತ್ರಿ ಗಾಡಿ ನಿಲ್ಲಿಸಬೇಡಿ ಅಂತ ಬೋರ್ಡು ಅಲ್ಲೂ ಇವೆ, ಅಲ್ಲೂ ಊರಿನವರಿಗೂ ಗಾಡಿಯವರಿಗೂ ಜಗಳ ಇದೆ. ವ್ಯತ್ಯಾಸ ಏನಂದರೆ ಇಲ್ಲಿ ಬೇಡ ಅನ್ನುವ ಬೋರ್ಡಿನಿಂದ ಸ್ವಲ್ಪ ದೂರ ಹೋದರೆ ಅಲ್ಲಿ ನಿಲ್ಲಿಸಿ ಅನ್ನುವ ಬೋರ್ಡೂ ಸಿಗುತ್ತೆ. ಅದನ್ನು ನೋಡಿದಾಗ ನನಗೆ ಜರ್ಮನಿ ನೆನಪಾಗಲಿಲ್ಲ ಸ್ವಾಮಿ, ಗುಂಡುತೋಪು ನೆನಪಾಯ್ತು.

ಕಾನೂನು ಅಡ್ಡ ಬರುತ್ತೆ, ಸಿಆರ್‌ಝಡ್ ಇದೆ ಅಂತ ಒಬ್ಬ ಅಧಿಕಾರಿ ಮಿತ್ರರು ಹೇಳಿದರು. ಕಡಲತೀರ ಕಾಪಾಡುವ ಆ ಅಧಿಸೂಚನೆ ಮೊದಲು 1991ರಲ್ಲಿ ಬಂತು, ಆಮೇಲೆ 2011ರಲ್ಲಿ, 2019ರಲ್ಲಿ ಹೊಸದಾಯ್ತು. ಈಗಿನದರಲ್ಲಿ ಕಡಲತೀರದಲ್ಲಿ ತಾತ್ಕಾಲಿಕವಾಗಿ ಕಕ್ಕಸು, ಬಟ್ಟೆ ಬದಲಿಸುವ ಕೋಣೆ, ಸ್ನಾನದ ಶವರ್, ಕುಡಿಯುವ ನೀರು ಇಡುವುದಕ್ಕೆ ಅವಕಾಶ ಇದೆ, ಉಬ್ಬರದ ಗೆರೆಯಿಂದ ಇಷ್ಟು ದೂರ ಅಂತ ಷರತ್ತಿನ ಮೇಲೆ. ಮಾಡೋಕೆ ಬರುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾದರೆ ಪಡುಬಿದ್ರಿ, ಹೊನ್ನಾವರದ ಹತ್ತಿರದ ಕಾಸರಕೋಡು ನೋಡಿ. 2020ರಲ್ಲಿ ಎರಡಕ್ಕೂ ಬ್ಲೂ ಫ್ಲ್ಯಾಗ್ ಬಂತು. ಕಕ್ಕಸು, ಜೀವರಕ್ಷಣೆಯ ವ್ಯವಸ್ಥೆ ಎಲ್ಲ ಇದ್ದರೇ ಆ ಬಾವುಟ ಕೊಡೋದು. ವಿದೇಶದ ಸಂಸ್ಥೆ ಪಟ್ಟಿ ಕೊಟ್ಟಾಗ ಆದದ್ದು ದೊಡ್ಡವ್ವ ಕೇಳಿದರೆ ಯಾಕಾಗಲ್ಲ? ಅಲ್ಲದೆ ಬ್ಲೂ ಫ್ಲ್ಯಾಗಿನ ಪಟ್ಟಿ ಹಗಲು ನೀರಾಟಕ್ಕೆ ಬರುವವರನ್ನು ಮನಸ್ಸಲ್ಲಿಟ್ಟು ಮಾಡಿದ್ದು, ರಾತ್ರಿ ಗಾಡಿ ಬಿಚ್ಚುವವರನ್ನಲ್ಲ.

ನಾನು ಕೇಳ್ತಿರೋದು ಕಡಲ ಅಂಚಿನಲ್ಲಿ ಕಾಂಕ್ರೀಟ್ ಕಟ್ಟಡ ಅಲ್ಲ. ಹೆದ್ದಾರಿ 66ರ ಪಕ್ಕ, ನೀರಿನಿಂದ ದೂರ, ಪಂಚಾಯ್ತಿಗೆ ಸೇರಿದ ಒಂದೆರಡು ಎಕರೆ. ಇಪ್ಪತ್ತು ಗಾಡಿ ನಿಲ್ಲುವಷ್ಟು. ಹೆಂಗಸರಿಗೆ ಚಿಲಕ ಇರುವ ಬಚ್ಚಲು, ಕಕ್ಕಸು. ಮೇಲೆ ಶೀಟು ಹಾಕಿದ ಅಡುಗೆ ಕಟ್ಟೆ, ಬಾಡಿಗೆಗೆ ಒಲೆ, ಸಿಲಿಂಡರ್. ಈ ಕೊನೆಯದು ಸುಮ್ಮನೆ ಹೇಳಿದ್ದಲ್ಲ. ಸೀಟಿನ ಕೆಳಗೆ ಹಗ್ಗದಲ್ಲಿ ಸಿಲಿಂಡರ್ ಕಟ್ಟಿಕೊಂಡು ಘಾಟಿ ಇಳಿಯುವ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. 2023ರ ಆಗಸ್ಟ್‌ನಲ್ಲಿ ಮದುರೈ ಹತ್ತಿರ ನಿಂತಿದ್ದ ರೈಲಿನ ಪ್ರವಾಸಿ ಬೋಗಿಯಲ್ಲಿ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಬಿದ್ದು ಒಂಬತ್ತು ಯಾತ್ರಿಗಳು ಸತ್ತರು. ಟೀ ಕಾಯಿಸೋಕೆ ಜಾಗ ಇಲ್ಲದಿದ್ದರೆ ಜನ ಟೀ ಬಿಡಲ್ಲ, ಜಾಗ ಇಲ್ಲದ ಕಡೆಯಲ್ಲೇ ಕಾಯಿಸ್ತಾರೆ.

ನೋಡಿಕೊಳ್ಳೋದು ಯಾರು? ಸ್ವಸಹಾಯ ಸಂಘದ ಹೆಂಗಸರಿಗೆ ಕೊಡಿ. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯ್ತಿ ಕಸದಿಂದ ದುಡ್ಡು ಮಾಡುವುದನ್ನು ರಾಜ್ಯಕ್ಕೇ ತೋರಿಸಿಕೊಟ್ಟಿದೆ. ಹಳ್ಳಿ ಹಳ್ಳಿಯಲ್ಲಿ ಹೆಂಗಸರು ಸ್ವಚ್ಛವಾಹಿನಿ ಗಾಡಿ ಓಡಿಸ್ತಿದ್ದಾರೆ. ಗಾಡಿಗೆ ರಾತ್ರಿಗೆ ಇನ್ನೂರು ಮುನ್ನೂರು ಅಂತ ಇಡಲಿ, ನಮ್ಮ ಜನ ಖುಷಿಯಾಗಿ ಕೊಡ್ತಾರೆ. ಪಕ್ಕದಲ್ಲಿ ನಾಲ್ಕು ಮೀನಿನ ಬುಟ್ಟಿ, ಒಂದು ಸೌದೆ ಅಂಗಡಿ, ಒಂದು ಎಳನೀರಿನ ರಾಶಿ ತಾನಾಗಿ ಹುಟ್ಟಿಕೊಳ್ಳುತ್ತೆ. ಆಗ ಬೇಕಾದರೆ ಐಷಾರಾಮಿ ಕ್ಯಾರವಾನೂ ಬಂದು ಪಕ್ಕದಲ್ಲೇ ನಿಲ್ಲಲಿ, ನಮ್ಮ ಅಡ್ಡಿ ಇಲ್ಲ. ಅದರ ಟ್ಯಾಂಕಿಗೂ ನೀರು ಬೇಕು, ಅದರ ಗಲೀಜಿಗೂ ಗುಂಡಿ ಬೇಕು.

ಇದನ್ನೆಲ್ಲ ಊಟದ ಟೇಬಲ್ಲಿನಲ್ಲಿ ಹೇಳಿದಾಗ ಒಬ್ಬ ಗೆಳೆಯ, “ಮಗಾ, ಟಿಟಿಯವರಿಗೆ ಜಾಗ ಕೊಟ್ರೆ ಬೀಚೆಲ್ಲ ಜಾತ್ರೆ ಆಗುತ್ತೆ” ಅಂದ. ಅವನೂ ನನ್ನ ಹಾಗೆಯೇ ಹಳ್ಳಿಯಿಂದ ಬಂದವನು, ಅರಸೀಕೆರೆ ಕಡೆಯವನು. ಅವರ ಅಪ್ಪ ಅಮ್ಮ ಕಡಲು ನೋಡಿದಾರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಅಂದ. ಹದಿನೈದು ಜನರ ಗುಂಪು ಅವರದ್ದೂ, ಕ್ಯಾರವಾನಿನಲ್ಲಿ ನಾಲ್ಕೇ ಹಾಸಿಗೆ. ಬರುವ ಜನವರಿಯಲ್ಲಿ ಟಿಟಿ ಮಾಡಿಕೊಂಡು ಹೋಗೋ ಅಂತ ಡ್ರೈವರಣ್ಣನ ನಂಬರ್ ಕೊಟ್ಟಿದ್ದೀನಿ. ಎಲ್ಲೆಲ್ಲಿ ಚಿಲಕ ಇರುವ ಬಚ್ಚಲು ಸಿಗುತ್ತೆ ಅಂತ ನನ್ನ ಹೆಂಡತಿ ಒಂದು ಪಟ್ಟಿ ಮಾಡಿ ಅವನ ಹೆಂಡತಿಗೆ ಕಳಿಸಿದ್ದಾಳೆ. ಹಾಸನದಿಂದ ಗೋಕರ್ಣದವರೆಗೆ ಒಟ್ಟು ಏಳು.